ವಾದ್ಯಗುರು ವಾಲ್ಟರ್ ಡಯೆಟ್ಟರು
(ಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಠದ ಮಹೋತ್ಸವವೆಂದರೆ ಗುರುಸ್ಮರಣೆಯ ಪುಣ್ಯಕಾಲವು. ಗುರುವು ಕಣ್ಮರೆಯಾದ ಬಳಿಕ ಶಿಷ್ಯರು ಆತನ ನೆನಪನ್ನು ಉಳಿಸಿಕೊಳ್ಳುವ ಬಗೆ ಯಾವುದು? ಭಾವಚಿತ್ರಕ್ಕೆ ಹೂಮಾಲೆ ಹಾಕಿದರೆ ಸಾಕೇ? ಕಟ್ಟಡಕ್ಕೆ ಹೆಸರಿಟ್ಟರೆ ಮುಗಿಯಿತೇ? ಈ ಪ್ರಶ್ನೆಯು ಮಠಮಾನ್ಯಗಳಿಗಷ್ಟೇ ಸಂಬಂಧಿಸಿದುದಲ್ಲ. ೧೮೯೩ರಲ್ಲಿ ಸ್ವಾಮಿ ವಿವೇಕಾನಂದರ ವಾಣಿ ಮೊಳಗಿದ ಚಿಕಾಗೋ ನಗರದಲ್ಲಿಯೇ, ಒಬ್ಬ ಹೈಸ್ಕೂಲಿನ ಬ್ಯಾಂಡು ಮಾಸ್ತರರ ವಿಷಯದಲ್ಲಿ, ಈ ಪ್ರಶ್ನೆ ಎದ್ದಿತು. ಅಲ್ಲಿಯ ಸಾಮಾನ್ಯ ಜನರು ಉಪವಾಸವಿದ್ದು ಅದಕ್ಕೆ ಉತ್ತರ ಕೊಟ್ಟರು. ಆ ಮಾಸ್ತರರ ಹೆಸರು ವಾಲ್ಟರ್ ಹೆನ್ರಿ ಡಯೆಟ್.

ಅವರ ಯೋಗ್ಯತೆಯನ್ನು ಅರಿಯಬೇಕಾದರೆ ಆ ಕೇರಿಯ ಸ್ಥಿತಿಯನ್ನು ಮೊದಲು ಅರಿಯಬೇಕು. ಅಮೇರಿಕೆಯ ದಕ್ಷಿಣ ಪ್ರಾಂತಗಳಲ್ಲಿ ಅವಮಾನವನ್ನೂ ಬಡತನವನ್ನೂ ಉಂಡ ಕಪ್ಪುವರ್ಣದ ಜನರು ಕೂಲಿಯನ್ನರಸಿ ಉತ್ತರದ ನಗರಗಳಿಗೆ ಗುಳೆ ಹೊರಟರು. ಚಿಕಾಗೋದಲ್ಲಿ ೧೯೧೦ರಲ್ಲಿ ಸುಮಾರು ೪೪,೦೦೦ದಷ್ಟಿದ್ದ ಅವರ ಸಂಖ್ಯೆಯು ೧೯೩೦ಕ್ಕೆ ೨,೩೩,೦೦೦ವನ್ನು ಮೀರಿತು. ಬೇರೆ ಓಣಿಗಳಲ್ಲಿ ಅವರಿಗೆ ಮನೆಯನ್ನು ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಬಿಳಿಯ ಮಾಲೀಕರು ಕರಾರುಪತ್ರಗಳನ್ನು ಮಾಡಿಕೊಂಡಿದ್ದರು. ನ್ಯಾಯಾಲಯಗಳು ಇಂಥ ಕರಾರುಗಳನ್ನು ಜಾರಿಗೊಳಿಸಲಾಗದೆಂದು ಆ ದೇಶದ ಸರ್ವೋಚ್ಚ ನ್ಯಾಯಸ್ಥಾನವು ಹೇಳಿದ್ದು ೧೯೪೮ರಲ್ಲಿ. ಅಲ್ಲಿಯವರೆಗೆ ನಗರದ ದಕ್ಷಿಣ ಭಾಗದ ಇಕ್ಕಟ್ಟಾದ ಕೇರಿಯೇ ಅವರಿಗೆ ಗತಿಯಾಗಿತ್ತು.

ಡಯೆಟ್ಟರು ೧೯೦೧ರಲ್ಲಿ ಮಿಸೂರಿ ಪ್ರಾಂತದಲ್ಲಿ ಜನಿಸಿದರು. ತಂದೆಯವರು ಕ್ರೈಸ್ತ ಧರ್ಮೋಪದೇಶಕರು. ತಾಯಿಯವರು ಸಂಗೀತ ಬಲ್ಲವರು. ಬಾಲ್ಯದಲ್ಲಿಯೇ ಪಿಟೀಲನ್ನು ಕಲಿತ ಮಗನು ಮುಂದೆ ವೈದ್ಯನಾಗಬೇಕೆಂದು ಕ್ಯಾಲಿಫೋರ್ನಿಯದ ವಿಶ್ವವಿದ್ಯಾಲಯವನ್ನು ಸೇರಿದನು. ಆದರೆ ಆ ಓದು ಮುಗಿಯಲಿಲ್ಲ. ಚಿಕಾಗೋಕ್ಕೆ ಬಂದು, ಮೂಕಚಿತ್ರಗಳಿಗೆ ಹಿಮ್ಮೇಳ ನುಡಿಸುತ್ತಿದ್ದ ಚಿತ್ರಮಂದಿರದ ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸಿದರು. ಇಲ್ಲಿನಾಯ್ ಪ್ರಾಂತದ ಕಪ್ಪು ಸೈನಿಕರ ಎಂಟನೆಯ ಕಾಲ್ದಳದ ಬ್ಯಾಂಡಿಗೆ ನಾಯಕರಾದುದರಿಂದ ಅವರಿಗೆ ‘ಕ್ಯಾಪ್ಟನ್’ ಎಂಬ ಬಿರುದು ಬಂದಿತು. ಶಿಷ್ಯರು ಕಡೆಯವರೆಗೂ ಅವರನ್ನು ಆ ಹೆಸರಿನಿಂದಲೇ ಕರೆದರು. ೧೯೩೧ರಲ್ಲಿ ಫಿಲಿಪ್ಸ್ ಹೈಸ್ಕೂಲಿನಲ್ಲಿ ಶಿಕ್ಷಕರಾಗಿ, ೧೯೩೫ರಲ್ಲಿ ಹೊಸದಾಗಿ ತೆರೆದ ಶಾಲೆಗೆ ಬಂದರು. ಚಿಕಾಗೋದ ಆದಿ ನಿವಾಸಿಗಳಲ್ಲೊಬ್ಬನಾದ ಕಪ್ಪು ವರ್ತಕನ ಸ್ಮಾರಕವಾಗಿ ಅದಕ್ಕೆ ‘ಡೂಸಾಬಲ್ ಹೈಸ್ಕೂಲು’ ಎಂಬ ಹೆಸರು ಬಂದಿತು. ಅಲ್ಲಿಯೇ ಅವರ ಗುರುತ್ವವು ಪೂರ್ಣವಾಗಿ ಬೆಳಗಿತು.

ಡಯೆಟ್ಟರು ಮೃದುವಾದ ಗುರುಗಳಲ್ಲ. ಅವರಿಗೆ ಒಂದು ಕಣ್ಣು ಇರಲಿಲ್ಲ. ಉಳಿದ ಒಂದು ಕಣ್ಣಿನ ನೋಟಕ್ಕೆ ಇಡೀ ಕೊಠಡಿಯು ನಡುಗುತ್ತಿತ್ತೆಂದು ಶಿಷ್ಯರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ತುಂಬಿದ ಮೇಳದಲ್ಲಿ ಒಬ್ಬ ಹುಡುಗನು ಒಂದು ಸ್ವರ ತಪ್ಪಿದರೂ ಅವರ ಕಿವಿಯು ಅವನನ್ನು ಹುಡುಕಿ ತೆಗೆಯುತ್ತಿತ್ತು. ಶಿಸ್ತು ಮುರಿದವನನ್ನು ಬ್ಯಾಂಡಿನಿಂದ ಹೊರಗೆ ಹಾಕುತ್ತಿದ್ದರು. ತಿದ್ದಿಕೊಂಡು ಬಂದವನನ್ನು ಮರಳಿ ಸೇರಿಸಿಕೊಳ್ಳುತ್ತಿದ್ದರು. ಹೊರಗಿನ ಲೋಕವು ಈ ಮಕ್ಕಳ ಅಲ್ಪ ತಪ್ಪನ್ನೂ ಕ್ಷಮಿಸದೆಂಬುದನ್ನು ಬಲ್ಲ ಗುರುವಿನ ಕಾಠಿಣ್ಯವದು. ತಾಯಿಯು ಕಹಿಮದ್ದು ಕುಡಿಸುವಾಗ ಕೂಸಿನ ಅಳುವನ್ನು ಲೆಕ್ಕಿಸುವಳೇ?

ಶಿಷ್ಯನು ಬೇಡಿದ್ದನ್ನು ಗುರುವು ಒಡನೆಯೇ ಕೊಡುವದಿಲ್ಲವೆಂಬುದಕ್ಕೆ ಜಾನಿ ಗ್ರಿಫಿನ್ ಎಂಬ ಬಾಲಕನ ಕಥೆಯೇ ಸಾಕ್ಷಿಯು. ಟೆನರ್ ಸ್ಯಾಕ್ಸೊಫೋನೆಂಬ ದೊಡ್ಡ ವಾದ್ಯದ ನಾದಕ್ಕೆ ಮರುಳಾಗಿ ಅದನ್ನೇ ಬಯಸಿ ಬಂದ ಹುಡುಗನ ಕೈಗೆ ಡಯೆಟ್ಟರು ಮೊದಲು ಕ್ಲಾರಿನೆಟ್ಟನ್ನು ಕೊಟ್ಟರು. ಉಸಿರು, ತುಟಿ, ಬೆರಳು ಮೂರೂ ಅದರಲ್ಲಿ ಪಳಗಿದವು. ೧೯೪೫ರಲ್ಲಿ ಶಾಲೆ ಬಿಟ್ಟೊಡನೆ ಗ್ರಿಫಿನ್ನನು ಪ್ರಸಿದ್ಧವಾದ ಲಯೊನೆಲ್ ಹ್ಯಾಂಪ್ಟನ್ನರ ಮೇಳವನ್ನು ಸೇರಿ, ಬಯಸಿದ ಆ ವಾದ್ಯವನ್ನೇ ಹಿಡಿದು, ಅತಿ ದ್ರುತಗತಿಯಲ್ಲಿ ನುಡಿಸಬಲ್ಲವನೆಂದು ಜಗತ್ತಿನಲ್ಲಿ ಹೆಸರಾದನು.

ಶಾಲೆಯ ಹಣವು ವಾದ್ಯಗಳಿಗೂ ಸಮವಸ್ತ್ರಗಳಿಗೂ ಸಾಲುತ್ತಿರಲಿಲ್ಲ. ಆದುದರಿಂದ ಡಯೆಟ್ಟರು ಪ್ರತಿವರ್ಷವೂ ‘ಹೈ ಜಿಂಕ್ಸ್’ ಎಂಬ ವಿನೋದದ ಆಟವನ್ನು ವಿದ್ಯಾರ್ಥಿಗಳಿಂದಲೇ ಆಡಿಸಿ, ಬಂದ ಹಣವನ್ನು ಸಂಗೀತದ ಕಲಿಕೆಗೆ ಬಳಸಿದರು. ಊರವರು ಟಿಕೀಟು ಕೊಂಡು ನೋಡಿದರು. ಮಕ್ಕಳ ಕೈಗೆ ವಾದ್ಯಗಳು ಬಂದವು. ಹೀಗೆ ಕೇರಿಯೇ ಶಾಲೆಯನ್ನು ಪೋಷಿಸಿತು.

ಮೂರು ದಶಕಗಳ ಈ ದುಡಿಮೆಯ ಫಲವು ಅಚ್ಚರಿಯದು. ಹಾಡಿನಿಂದ ಲೋಕವನ್ನೇ ತಣಿಸಿದ ನ್ಯಾಟ್ ಕಿಂಗ್ ಕೋಲ್, ಗಾಯಕಿ ಡೈನಾ ವಾಷಿಂಗ್ಟನ್, ಸ್ಯಾಕ್ಸೊಫೋನ್ ವಾದಕ ಜೀನ್ ಆಮನ್ಸ್, ಇವರೆಲ್ಲರೂ ಅವರ ಗರಡಿಯಲ್ಲಿ ಸಾಧನೆ ಮಾಡಿದವರು. ಆಳೆತ್ತರದ ಮಂದ್ರವಾದ್ಯವಾದ ಬೇಸನ್ನು ಅವರಲ್ಲಿ ಕಲಿತ ರಿಚರ್ಡ್ ಡೇವಿಸ್ಸರು ೧೯೭೭ರಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಹಲವು ದಶಕ ಕಲಿಸಿದರು. ಎಳೆಯ ಬೇಸ್ ವಾದಕರಿಗಾಗಿ ಒಂದು ಪ್ರತಿಷ್ಠಾನವನ್ನೂ ಸ್ಥಾಪಿಸಿ, ೨೦೨೩ರಲ್ಲಿ ತೀರಿಕೊಂಡರು. ವಾನ್ ಫ್ರೀಮನ್ನರು ಚಿಕಾಗೋವನ್ನು ಬಿಟ್ಟು ಹೋಗದೆ, ವೃದ್ಧಾಪ್ಯದವರೆಗೂ ತರುಣರನ್ನು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡು ನುಡಿಸಿ ತಿದ್ದಿದರು. ದೀಪದಿಂದ ದೀಪ ಹೊತ್ತುವದೆಂದರೆ ಇದೇ. ಕಲಿತವರೆಲ್ಲರೂ ಪ್ರಸಿದ್ಧರಾಗಲಿಲ್ಲ. ಆದರೂ ಸಮಯಕ್ಕೆ ಬರುವದು, ಪಕ್ಕದವನ ಧ್ವನಿಯನ್ನು ಆಲಿಸುವದು, ತನ್ನ ತಪ್ಪಿಗೆ ತಾನೇ ಹೊಣೆಯಾಗುವದು, ಈ ಮೂರು ಪಾಠಗಳು ಹಿಂದಿನ ಸಾಲಿನಲ್ಲಿ ಕುಳಿತವನಿಗೂ ದೊರೆತವು.

೧೯೬೯ನೆಯ ನವೆಂಬರ ೧೭ರಂದು ಡಯೆಟ್ಟರು ದೇಹವನ್ನು ಬಿಟ್ಟರು. ೧೯೭೨ರಲ್ಲಿ ಅದೇ ದಕ್ಷಿಣ ಭಾಗದಲ್ಲಿ ಅವರ ಹೆಸರಿನ ಶಾಲೆಯೊಂದು ತೆರೆಯಿತು. ಆದರೆ ಹೆಸರು ಗೋಡೆಯ ಮೇಲಿದ್ದ ಮಾತ್ರಕ್ಕೆ ಶಾಲೆಯು ಉಳಿಯುವದೇ? ಫಲಿತಾಂಶವು ಸಾಲದೆಂದು ೨೦೧೨ರಲ್ಲಿ ನಗರದ ಶಿಕ್ಷಣ ಮಂಡಲಿಯು ಅದನ್ನು ಕ್ರಮೇಣ ಮುಚ್ಚಲು ನಿಶ್ಚಯಿಸಿತು. ೨೦೧೫ರಲ್ಲಿ ಕೊನೆಯ ತರಗತಿಯು ಹದಿಮೂರೇ ವಿದ್ಯಾರ್ಥಿಗಳೊಡನೆ ಮುಗಿದು ಬಾಗಿಲು ಮುಚ್ಚಿತು.

ಆಗ ಆ ಕೇರಿಯ ಹನ್ನೆರಡು ಮಂದಿ, ಅವರಲ್ಲಿ ತಾಯಂದಿರೂ ಅಜ್ಜಿಯರೂ ಇದ್ದರು, ಆಗಸ್ಟ ೧೭ರಿಂದ ಆಹಾರವನ್ನು ತ್ಯಜಿಸಿ ದ್ರವವನ್ನಷ್ಟೇ ಸೇವಿಸುತ್ತ ಕುಳಿತರು. ಉಪವಾಸವು ಮೂವತ್ತುನಾಲ್ಕು ದಿನ ನಡೆಯಿತು. ಬೇಡಿದ್ದೆಲ್ಲವೂ ಅವರಿಗೆ ದೊರೆಯಲಿಲ್ಲ. ಅವರು ಯೋಜಿಸಿದ್ದ ಪಾಠಕ್ರಮವನ್ನು ಅಧಿಕಾರಿಗಳು ಒಪ್ಪಲಿಲ್ಲ. ಆದರೆ ಶಾಲೆಯು ಉಳಿಯಿತು. ೨೦೧೬ರಲ್ಲಿ ಅದು ಕಲಾಶಿಕ್ಷಣದ ಹೈಸ್ಕೂಲಾಗಿ, ಡಯೆಟ್ಟರ ಹೆಸರಿನಲ್ಲಿಯೇ, ಓಣಿಯ ಮಕ್ಕಳಿಗೆ ಮರಳಿ ತೆರೆಯಿತು.

ಶರಣಬಂಧುಗಳೇ, ಗುರುವಿನ ನೆನಪನ್ನು ಉಳಿಸುವ ಬಗೆ ಯಾವುದೆಂಬ ಪ್ರಶ್ನೆಗೆ ಆ ತಾಯಂದಿರ ಉತ್ತರವು ಇದು. ಗುರುವು ಎಲ್ಲಿ ಮಕ್ಕಳಿಗೆ ಕಲಿಸಿದನೋ ಅಲ್ಲಿ ಮಕ್ಕಳು ಕಲಿಯುತ್ತಿರಬೇಕು. ಅದು ನಿಂತ ದಿನವೇ ಅವನ ಎರಡನೆಯ ಮರಣವು. ಗುರುವಿನ ಹೆಸರನ್ನು ಹೊತ್ತ ಶಾಲೆಗಳೂ ಪ್ರಸಾದನಿಲಯಗಳೂ ಈ ನಾಡಿನಲ್ಲಿ ಅನೇಕ. ಅಲ್ಲಿ ಉಂಡು ಓದಿ ಬೆಳೆದವರು ಇಂದು ದೊಡ್ಡ ಹುದ್ದೆಗಳಲ್ಲಿರುವರು. ಮಹೋತ್ಸವದ ತೇರು ನೆಲೆಗೆ ಬಂದ ಮರುದಿನ ಅವರು ಒಮ್ಮೆ ಆ ಬಾಗಿಲಿಗೆ ಹೋಗಿ, ಒಳಗೆ ಎಷ್ಟು ಮಕ್ಕಳಿರುವರು, ಅವರಿಗೆ ಕಲಿಸುವವರು ಯಾರು, ಕೊರತೆಯೇನು ಎಂದು ಕೇಳಲಿ. ಮಹೋತ್ಸವವು ಸಾರ್ಥಕವಾಗುವದು ಆಗಲೇ.