ಅಳತೆಗೂ ಒಂದು ಮಿತಿ



ಬಂಟ್ವಾಳದ ಪೇಟೆಯಲ್ಲಿ ಅಡಿಕೆ ತೂಗುವ ತಕ್ಕಡಿ ಸರಿ ತೋರಿಸದಿದ್ದರೆ ಇನ್ನೊಂದನ್ನು ತರಬಹುದು. ಎಲೆಕ್ಟ್ರಾನಿನ ಲೋಕದಲ್ಲಿ ಒಂದು ಹಂತದ ನಂತರ ಈ ಉಪಾಯ ನಡೆಯುವುದಿಲ್ಲ. ಅದರ ಸ್ಥಾನ ಮತ್ತು ಸಂವೇಗ (ದ್ರವ್ಯರಾಶಿ ಹಾಗೂ ವೇಗದ ಗುಣಲಬ್ಧ) ಎರಡನ್ನೂ ಒಟ್ಟಿಗೆ ಬೇಕಾದಷ್ಟು ನಿಖರವಾಗಿ ಹೇಳಲಾಗದು ಎಂದು 1927ರಲ್ಲಿ ಜರ್ಮನಿಯ ಹೈಸನ್‌ಬರ್ಗ್ ತೋರಿಸಿದರು.

ಇದು ಉಪಕರಣದ ದೋಷವಲ್ಲ. ಕೆರೆಯ ಅಲೆಗಳನ್ನು ನೋಡಿ. ಉದ್ದಕ್ಕೂ ಸಾಲಾಗಿ ಬರುವ ಅಲೆಗಳ ನಡುವಿನ ಅಂತರವನ್ನು ಅಳೆಯಬಹುದು. ಅಲೆ ಇರುವುದು ಇಂಥ ಜಾಗದಲ್ಲೇ ಎಂದು ಬೆರಳಿಟ್ಟು ಹೇಳಲಾಗದು. ಒಂದೇ ಕಡೆ ಪುಟಿದ ಅಲೆಗೆ ಜಾಗ ಉಂಟು, ಅಂತರ ಸಿಗದು. ಎಲೆಕ್ಟ್ರಾನಿಗೂ ಅಲೆಯ ಗುಣವಿದೆ. ಆ ಅಲೆಗಳ ಅಂತರದಿಂದಲೇ ಅದರ ಸಂವೇಗ ತಿಳಿಯುವುದು.

ಈ ಮಿತಿಯಿಂದ ಉಪಯೋಗವೂ ಉಂಟು. ನಾನು ಸಾಫ್ಟ್‌ವೇರ್ ಕೆಲಸದವನು. ನಿಮ್ಮ ಮೊಬೈಲಿನ ಹಣಕ್ಕೆ ಇಂದು ಗಣಿತದ ಬೀಗ ಹಾಕಿದ್ದಾರೆ. ಶಕ್ತಿಶಾಲಿ ಕ್ವಾಂಟಂ ಕಂಪ್ಯೂಟರ್ ಬಂದರೆ ಅಂಥ ಕೆಲವು ಬೀಗಗಳು ಮುರಿಯಬಹುದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ಎರಡು ಕಟ್ಟಡಗಳ ನಡುವೆ, ತೆರೆದ ಗಾಳಿಯಲ್ಲೇ, ಬೆಳಕಿನ ಕಣಗಳ ಮೂಲಕ ಗುಪ್ತ ಕೀಲಿ ಹಂಚಿ ತೋರಿಸಿದರು. ನಡುವೆ ಯಾರಾದರೂ ಕದ್ದು ಅಳೆಯಹೋದರೆ ಕಣದ ಸ್ಥಿತಿ ಕದಡಿ, ಕಳ್ಳತನ ಗೊತ್ತಾಗುತ್ತದೆ. ಅಳತೆಯ ಮಿತಿಯೇ ನಮಗೆ ಕಾವಲು.

ಮಕ್ಕಳೇ, ಪ್ರಯೋಗದ ಪುಸ್ತಕದಲ್ಲಿ ಅಳತೆ ಬರೆಯುವಾಗ ಅದು ಎಷ್ಟು ಆಚೀಚೆ ಇರಬಹುದೆಂದೂ ಬರೆಯಿರಿ. ತಿಳಿವಿನ ಗಡಿ ತಿಳಿಯುವುದೂ ವಿದ್ಯೆಯೇ. ಬೆಂಗಳೂರಿನ ಆ ಪ್ರಯೋಗಾಲಯ ಇಲ್ಲಿಂದ ಒಂದು ರಾತ್ರಿಯ ಬಸ್ಸಿನ ದಾರಿ. ನಮ್ಮ ಶಾಲೆಯ ಮಕ್ಕಳೂ ಅಲ್ಲಿಗೆ ತಲುಪಲಿ.