ಹಳೆಯ ಕಂಪ್ಯೂಟರಿಗೆ ಹೊಸ ಬೆಸುಗೆ



ವಯನಾಡಿನ ಕಲ್ಪೆಟ್ಟದ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ ಸಂಘಟಕರಿಗೆ ವಂದನೆಗಳು. ನಮ್ಮ ಸಮ್ಮೇಳನಗಳಲ್ಲಿ ಸಾಹಿತ್ಯಕ್ಕೆ, ಯಕ್ಷಗಾನಕ್ಕೆ, ಗಡಿ ಪ್ರಶ್ನೆಗೆ ವೇದಿಕೆ ಸಿಗುವುದು ವಾಡಿಕೆ. ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ, ತಂತಿ ಬೆಸೆದು, ಮತ್ತೆ ಕೆಲಸಕ್ಕೆ ಹಚ್ಚುವವರನ್ನೂ ಕನ್ನಡದಲ್ಲಿ ಮಾತಾಡಲು ಕರೆದಿದ್ದೀರಿ, ಸಂತೋಷ. ಕಬಿನಿ ನದಿ ಇಲ್ಲಿಂದಲೇ ಕರ್ನಾಟಕಕ್ಕೆ ಹರಿಯುತ್ತದೆ. ಇಲ್ಲಿನ ಬಸದಿಗಳನ್ನು, ಜೈನ ಗೌಡರ ಮನೆತನಗಳನ್ನು ಬಲ್ಲವರಿಗೆ ವಯನಾಡಿನ ಕನ್ನಡದ ನಂಟು ಹೊಸತಲ್ಲ. ನಮ್ಮ ಹವ್ಯಾಸವೂ ಈ ಗಡಿ ದಾಟುವ ದಾರಿಯನ್ನೇ ನಂಬಿದೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಐಸಿಗಳು ಗುಂಡ್ಲುಪೇಟೆ ದಾಟಿ, ರಾತ್ರಿ 9ಕ್ಕೆ ಬಂಡೀಪುರದ ಗೇಟು ಬೀಳುವ ಮೊದಲು, ಸುಲ್ತಾನ್ ಬತ್ತೇರಿಯ ಕಡೆ ಹೊರಡಬೇಕು.

ನಾವು ಬಿಚ್ಚುತ್ತಿರುವ ಯಂತ್ರಗಳು ಯಾವುವು? 1984ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆಯನ್ನು ಆರಂಭಿಸಿ, ದೇಶದ 250ರಷ್ಟು ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಡಲು ಹೊರಟಿತು. 32 ಕಿಲೋಬೈಟ್ ಮೆಮರಿ, 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್. ಅದೇ ದಶಕದಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ಸಿಂಕ್ಲೇರ್ ಸ್ಪೆಕ್ಟ್ರಮ್ಮನ್ನು ಇಲ್ಲೇ ಜೋಡಿಸಿ ಮಾರಿತು. ಇವು ಬಿಚ್ಚುವವರಿಗೆ ಬಾಗಿಲು ತೆರೆದಿಟ್ಟ ಯಂತ್ರಗಳು. ಸ್ಪೆಕ್ಟ್ರಮ್ಮಿನ ಹಿಂಬದಿಯಲ್ಲಿ ಪ್ರೊಸೆಸರಿನ ತಂತಿಗಳೇ ಹೊರಗೆ ಇಣುಕುತ್ತವೆ. ಬಿಬಿಸಿ ಮೈಕ್ರೊ ಬೋರ್ಡಿನಲ್ಲಿ ಹೆಚ್ಚಿನ ರೋಮ್ (ROM) ಚಿಪ್ಪುಗಳಿಗೆಂದೇ ಖಾಲಿ ಸಾಕೆಟ್ಟುಗಳಿವೆ. ಅಂಟು ಹಾಕಿ ಮುಚ್ಚಿದ ಇಂದಿನ ಫೋನುಗಳಲ್ಲಿ ಈ ಔದಾರ್ಯವಿಲ್ಲ.

ಮಾರ್ಪಾಡುಗಳಲ್ಲಿ ಮೊದಲನೆಯದು ಪರದೆಯದು. ಸ್ಪೆಕ್ಟ್ರಮ್ ಚಿತ್ರವನ್ನು ಯುಎಚ್‌ಎಫ್ 36ನೇ ಚಾನೆಲಿನಲ್ಲಿ ಕಳಿಸುತ್ತದೆ. ಒಳಗಿನ ಮಾಡ್ಯುಲೇಟರನ್ನು ಬದಿಗಿಟ್ಟು, ಅದಕ್ಕೆ ಹೋಗುವ ಕಾಂಪೊಸಿಟ್ ಸಂಕೇತವನ್ನೇ ನೇರ ಸಾಕೆಟ್ಟಿಗೆ ತಂದರೆ ಇಂದಿನ ಟಿವಿಯಲ್ಲೂ ಚಿತ್ರ ನಿಲ್ಲುತ್ತದೆ. ಎರಡನೆಯದು ವಿದ್ಯುತ್ತಿನದು. ಒಳಗಿನ 7805 ರೆಗ್ಯುಲೇಟರು 9 ವೋಲ್ಟನ್ನು 5ಕ್ಕೆ ಇಳಿಸುವಾಗ ಮಿಕ್ಕದ್ದನ್ನೆಲ್ಲ ಬಿಸಿಯಾಗಿ ಕಳೆಯುತ್ತದೆ. ಅದರ ಜಾಗದಲ್ಲಿ ಸ್ವಿಚಿಂಗ್ ರೆಗ್ಯುಲೇಟರು ಕೂರಿಸಿದರೆ ಪೆಟ್ಟಿಗೆ ತಣ್ಣಗಿರುತ್ತದೆ. ಒಂದು ಎಚ್ಚರ: ಇಂದಿನ ಬಹುಪಾಲು ಅಡಾಪ್ಟರುಗಳ ಪಿನ್ನಿನಲ್ಲಿ ನಡುವೆ ಪ್ಲಸ್, ಸ್ಪೆಕ್ಟ್ರಮ್ಮಿಗೆ ನಡುವೆ ಮೈನಸ್. ನೋಡದೆ ಚುಚ್ಚಿದರೆ ಮೆಮರಿ ಚಿಪ್ಪುಗಳಿಗೇ ಸಂಚಕಾರ. ಮೂರನೆಯದು, ಕ್ಯಾಸೆಟ್ಟಿನ ಬದಲು ಎಸ್‌ಡಿ ಕಾರ್ಡು. ಐದು ನಿಮಿಷ ಕಾಯಿಸುತ್ತಿದ್ದ ಆಟ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ.

ವಯನಾಡಿನವರು ಇವೆಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ತೇವವನ್ನು. ಲಕ್ಕಿಡಿಯ ಮಳೆ ನಿಮಗೆ ಗೊತ್ತಿದ್ದದ್ದೇ. ಬಿಬಿಸಿ ಮೈಕ್ರೊದ ಪವರ್ ಸಪ್ಲೈಯಲ್ಲಿ ರಿಫಾ ಎಂಬ ಕಾಗದದ ಕೆಪಾಸಿಟರುಗಳಿರುತ್ತವೆ. ವರ್ಷ ಕಳೆದಂತೆ ಅವುಗಳ ಪಾರದರ್ಶಕ ಕವಚ ಬಿರಿದು, ಬಿರುಕಿನಲ್ಲಿ ತೇವ ಇಳಿದು, ಸ್ವಿಚ್ ಹಾಕಿದಾಗ ಸಿಡಿದು ಹೊಗೆ ತುಂಬಿಕೊಳ್ಳುತ್ತದೆ. ಆದ್ದರಿಂದ ಅಟ್ಟದಿಂದ ಇಳಿಸಿದ ಯಂತ್ರಕ್ಕೆ ಕೂಡಲೇ 230 ವೋಲ್ಟ್ ಕೊಡಬೇಡಿ. ಮೊದಲು ಆ ಕೆಪಾಸಿಟರುಗಳನ್ನು ತೆಗೆದು ಎಕ್ಸ್2 ದರ್ಜೆಯ ಹೊಸವನ್ನು ಹಾಕಿ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಹಳೆಯ 386 ಬೋರ್ಡುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಅದು ಕ್ಷಾರ, ವಿನಿಗರ್ ಅಥವಾ ಲಿಂಬೆರಸದಿಂದ ತಿಕ್ಕಿ, ತೊಳೆದು, ಚೆನ್ನಾಗಿ ಒಣಗಿಸಿ. ಅಲ್ಲಿ ನಾಣ್ಯದಂಥ ಲಿಥಿಯಂ ಸೆಲ್ ಕೂರಿಸುವವರು ಜೊತೆಗೊಂದು ಡಯೋಡ್ ಬೆಸೆಯಲೇಬೇಕು. ಬೋರ್ಡು ಹಳೆಯ ಬ್ಯಾಟರಿಯೆಂದೇ ತಿಳಿದು ಚಾರ್ಜು ಮಾಡಲು ಹೊರಡುತ್ತದೆ; ಆ ಸೆಲ್ಲನ್ನು ಚಾರ್ಜು ಮಾಡುವಂತಿಲ್ಲ.

ಇದೆಲ್ಲ ಬರೀ ಹಳೆಯದರ ಮೋಹ ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಕನ್ನಡ ಕಂಪ್ಯೂಟರಿನೊಳಗೆ ಬಂದ ದಾರಿಗಳಲ್ಲಿ ಒಂದು, ಇಂಥ ಮಾರ್ಪಾಡೇ. ಸ್ಪೆಕ್ಟ್ರಮ್ಮಿನ ಒಂದು ಅಕ್ಷರಕ್ಕೆ ಸಿಗುವುದು 8ಕ್ಕೆ 8 ಚುಕ್ಕೆಗಳ ಮನೆ. ಅದರಲ್ಲಿ ‘ಸ್ತ್ರೀ’ ಬರೆದು ನೋಡಿ, ಒತ್ತುಗಳಿಗೆ ಜಾಗವೇ ಉಳಿಯದು. ಅಕ್ಷರ ಮೇಲೆ, ಒತ್ತು ಕೆಳಗಿನ ಮನೆಯಲ್ಲಿ ಎಂದು ಎರಡು ಸಾಲು ಬಳಸಿದರೆ 24 ಸಾಲಿನ ಪರದೆ 12ಕ್ಕೆ ಇಳಿಯುತ್ತದೆ. ಪಿಸಿಗಳ ಕಾಲಕ್ಕೆ ಇದಕ್ಕೆ ಸಿಕ್ಕ ಪರಿಹಾರ ಜಿಸ್ಟ್ ಕಾರ್ಡು. ಐಐಟಿ ಕಾನ್ಪುರದ ಕೆಲಸದಿಂದ ಹುಟ್ಟಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಈ ಕಾರ್ಡನ್ನು ಪಿಸಿಯ ಸ್ಲಾಟಿಗೆ ತುರುಕಿದರೆ, ಇಂಗ್ಲಿಷ್ ಮಾತ್ರ ಬಲ್ಲ ಡಾಸ್ ಪರದೆಯ ಮೇಲೆ ಕನ್ನಡವೂ ಮಲಯಾಳವೂ ಮೂಡುತ್ತಿದ್ದವು. ಅದರ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ನಮ್ಮ ‘ಕ’ ಇರುವ ಕೀಲಿಯಲ್ಲೇ ನೆರೆಯವರ ‘ಕ’ವೂ ಇದೆ. ಮುಂದೆ ಕೆ.ಪಿ. ರಾವ್ ಅವರಂಥವರ ತಂತ್ರಾಂಶಗಳು, ಯುನಿಕೋಡ್ ಬಂದು ಕಾರ್ಡಿನ ಅಗತ್ಯ ಮುಗಿಯಿತು. ಕಾರ್ಡುಗಳು ಗುಜರಿಗೆ ಹೋದವು. ಆ ಕಾಲದ ಕಡತಗಳನ್ನು ಅವು ಹುಟ್ಟಿದ ಯಂತ್ರದಲ್ಲೇ ತೆರೆದು ನೋಡಬೇಕೆಂದರೆ ಕೆಲಸ ಮಾಡುವ ಒಂದು ಪಿಸಿಯೂ ಒಂದು ಕಾರ್ಡೂ ಬೇಕು. ಯಾವ ವಸ್ತುಸಂಗ್ರಹಾಲಯವೂ ಕೈಗೆತ್ತಿಕೊಳ್ಳದಿದ್ದರೆ ಅವನ್ನು ಉಳಿಸುವುದು ನಮ್ಮದೇ ಕೆಲಸ.

ನಮ್ಮಲ್ಲೇ ಎರಡು ಪಂಗಡಗಳಿವೆ. ಒಂದು, ಮೂಲದ ಒಂದು ಸ್ಕ್ರೂ ಕೂಡ ಬದಲಿಸಬಾರದೆನ್ನುತ್ತದೆ. ಇನ್ನೊಂದು, ಪೆಟ್ಟಿಗೆ ಕೊರೆದು ಎಚ್‌ಡಿಎಂಐ ತೂರಿಸುತ್ತದೆ. ಚಾಲೂ ಆಗದ ಯಂತ್ರವನ್ನು ಕಪಾಟಿನಲ್ಲಿಟ್ಟು ಪೂಜಿಸುವುದರಲ್ಲಿ ನನಗೆ ನಂಬಿಕೆಯಿಲ್ಲ; ಕೊರೆದ ಪೆಟ್ಟಿಗೆಯನ್ನು ಮತ್ತೆ ಮುಚ್ಚಲಾಗದು ಎಂಬುದೂ ನಿಜ. ನನ್ನ ನಿಲುವು ನಡುವಿನದು: ಮಾರ್ಪಾಡು ಮಾಡಿ, ಆದರೆ ಮೂಲಕ್ಕೆ ಮರಳುವ ದಾರಿ ಇಟ್ಟು ಮಾಡಿ. ಸಾಧ್ಯವಾದಲ್ಲೆಲ್ಲ ಸಾಕೆಟ್ ಹಾಕಿ, ಮಾಡ್ಯುಲೇಟರಿನ ತಂತಿಯನ್ನು ಕತ್ತರಿಸದೆ ಬಿಡಿಸಿ, ತೆಗೆದ ಭಾಗವನ್ನು ಚೀಟಿ ಅಂಟಿಸಿ ಅದೇ ಪೆಟ್ಟಿಗೆಯಲ್ಲಿಡಿ.

ಕೊನೆಯದಾಗಿ ಈ ಸಭೆಯ ಮುಂದೆ ಮೂರು ಕೋರಿಕೆಗಳು. ಒಂದು, ಗಡಿಯ ಎರಡೂ ಬದಿಯ ಶಾಲೆ-ಕಚೇರಿಗಳ ಉಗ್ರಾಣದಲ್ಲಿರುವ ಹಳೆಯ ಯಂತ್ರಗಳು ಗುಜರಿಗೆ ಹೋಗುವ ಮುನ್ನ ಒಮ್ಮೆ ಪಟ್ಟಿ ಮಾಡೋಣ. ಎರಡು, ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಐಟಿ ಕೂಟದ ಘಟಕಗಳಿವೆ. ಆರ್ಡುಯಿನೊ ಬಲ್ಲ ಆ ಮಕ್ಕಳ ಕೈಗೆ ಹಳೆಯ ರೋಮ್ ಚಿಪ್ಪೊಂದನ್ನು ಕೊಟ್ಟು, ಅದರ ಬೈಟುಗಳನ್ನು ಓದಿ ಉಳಿಸುವುದನ್ನು ಕಲಿಸೋಣ. ಮೂರು, ಪ್ರತಿ ಮಾರ್ಪಾಡನ್ನೂ ಚಿತ್ರ ಸಹಿತ, ಕನ್ನಡದಲ್ಲಿ ಬರೆದಿಡೋಣ. ಬೆಸುಗೆ ಹಾಕಲು ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಬರೆದಿಡುವವರು ಕಡಿಮೆ. ಇವತ್ತಿನ ಕಮ್ಮಟದಲ್ಲಿ ಬಿಚ್ಚಿದ ಯಂತ್ರದ ಮೊದಲ ಟಿಪ್ಪಣಿಯನ್ನು ಸಂಜೆಯೊಳಗೆ ಸಂಘಟಕರ ಕೈಗೆ ಕೊಟ್ಟೇ ಹೊರಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.