ಮಲೆನಾಡಿನ ಶಾಲೆಯಲ್ಲಿ ಹಾಜರಿ

ಶೃಂಗೇರಿಗೆ ಸುಮಾರು 10 ಕಿಲೋಮೀಟರು ದೂರದಲ್ಲಿ, ನರಸಿಂಹ ಪರ್ವತದ ತಪ್ಪಲಲ್ಲಿ, ಕಿಗ್ಗ ಎಂಬ ಗ್ರಾಮವಿದೆ. ಅಲ್ಲಿಯ ಋಷ್ಯಶೃಂಗೇಶ್ವರಸ್ವಾಮಿಯು ಮಳೆಯ ದೇವರೆಂದು ಪ್ರಸಿದ್ಧನಾಗಿದ್ದಾನೆ. ಅಂಗದೇಶಕ್ಕೆ ಬರ ಬಂದಾಗ ರೋಮಪಾದ ರಾಜನು ಋಷ್ಯಶೃಂಗ ಮುನಿಯನ್ನು ಕರೆಯಿಸಿಕೊಂಡನೆಂದೂ, ಮುನಿಯು ಕಾಲಿಟ್ಟೊಡನೆ ಮಳೆ ಸುರಿಯಿತೆಂದೂ ಕಥೆಯುಂಟಷ್ಟೆ. ಮಳೆ ಹಿಂತೆಗೆದ ವರ್ಷಗಳಲ್ಲಿ ದೂರದೂರದವರು ಬಂದು ಇಲ್ಲಿ ಪೂಜೆ ಮಾಡಿಸುತ್ತಾರೆ. ಮಳೆ ಮಿತಿಮೀರಿದಾಗ ಸಾಕೆಂದು ಬೇಡಿಕೊಳ್ಳುವವರೂ ಉಂಟು. ಈ ಎರಡನೆಯ ಪಂಗಡದಲ್ಲಿ ಉಪಾಧ್ಯಾಯರಾದ ನಮ್ಮನ್ನೂ ಸೇರಿಸಬಹುದು. ಮಲೆನಾಡಿನ ಶಾಲೆಯಲ್ಲಿ ಹಾಜರಿ ಪುಸ್ತಕವನ್ನು ಬರೆಯುವವರು ನಾವಾದರೂ, ಅರ್ಧ ವರ್ಷ ಅದನ್ನು ಬರೆಯಿಸುವುದು ಮಳೆಯೇ.

ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯರು ಕಾಲಕಾಲಕ್ಕೆ ತಂದೆತಾಯಿಗಳಿಗೆ ಶಾಲೆಯ ವರ್ತಮಾನವನ್ನು ಒಪ್ಪಿಸುವುದು ವಾಡಿಕೆ. ಅದರಲ್ಲಿ ಪಾಠ, ಪರೀಕ್ಷೆ, ಆಟ, ಊಟ ಎಲ್ಲವೂ ಬರುತ್ತವೆ. ಈ ದಿನ ಹಾಜರಿಯೊಂದನ್ನೇ ಆರಿಸಿಕೊಂಡು, ಅದನ್ನು ಪಟ್ಟಣವಾಸಿಗಳಾದ ಶ್ರೋತೃಗಳ ಮುಂದೆಯೂ ಇಡಬೇಕೆಂದು ನಮ್ಮ ಇಚ್ಛೆ. ಮಗು ಶಾಲೆಗೆ ಬಾರದಿದ್ದರೆ ಅದು ಸೋಮಾರಿತನ, ಇಲ್ಲವೆ ಮನೆಯವರ ಅಲಕ್ಷ್ಯ, ಎಂದು ತೀರ್ಮಾನಿಸುವುದು ಸುಲಭ. ಕಾರಣವನ್ನು ವಿಚಾರಿಸುವುದು ಕಷ್ಟ. ಆದರೆ ಪ್ರಯೋಜನವಿರುವುದು ವಿಚಾರಿಸುವುದರಲ್ಲಿಯೇ.

ಮಕ್ಕಳನ್ನು ಶಾಲೆಗೆ ತರುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು ಜಾರಿಗೆ ಬಂದು, ಕಡ್ಡಾಯ ವಿದ್ಯಾಭ್ಯಾಸಕ್ಕೆ ದಾರಿಯಾಯಿತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿಯೊಂದು ಮಗುವಿಗೂ ಆ ಹಕ್ಕನ್ನು ಕೊಟ್ಟಿತು. ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯತಕ್ಕದ್ದೆಂದು ಅದರ ವಿಧಿ. ಈ ತರಗತಿಗಳ ಶಾಲೆ ಮನೆಯಿಂದ 3 ಕಿಲೋಮೀಟರಿನೊಳಗೆ ಇರಬೇಕೆಂಬುದು ನಿಯಮಗಳ ಲೆಕ್ಕ.

ಈ ಲೆಕ್ಕವನ್ನು ಸ್ವಲ್ಪ ಮುಂದುವರಿಸೋಣ. ಹೋಗಲು 3, ಬರಲು 3. 220 ದಿನಕ್ಕೆ 1,320 ಕಿಲೋಮೀಟರು. ಬೆಂಗಳೂರಿನಿಂದ ಮುಂಬಯಿಗೆ ಇರುವ ದಾರಿಗಿಂತ ಇದು ಹೆಚ್ಚು. ಬಯಲುಸೀಮೆಯಲ್ಲಿ ಮೂರು ಕಿಲೋಮೀಟರೆಂದರೆ ಮುಕ್ಕಾಲು ಗಂಟೆಯ ನಡಿಗೆ. ಒಂಟಿಮನೆಗಳು ತೋಟದ ಅಂಚಿನಲ್ಲಿ, ಗುಡ್ಡದ ಮರೆಯಲ್ಲಿ ಚದರಿರುವ ನಮ್ಮ ಸೀಮೆಯಲ್ಲಿ ಅದು ಏರು, ಇಳಿತ, ಕೆಸರುಗದ್ದೆಯ ಅಂಚು, ಜಿಗಣೆ, ಮತ್ತು ನಡುವೆ ಒಂದು ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿಯ ಕಾಲುಸಂಕ. ಬೇಸಗೆಯಲ್ಲಿ ಮಕ್ಕಳು ಅದರ ಮೇಲೆ ಓಡುತ್ತಾರೆ. ಆಷಾಢದಲ್ಲಿ ಪಾಚಿ ಕಟ್ಟಿದ ಅದೇ ದಿಮ್ಮಿಯ ಮೇಲೆ ದೊಡ್ಡವರೂ ಅಂಜಿ ಕಾಲಿಡುತ್ತಾರೆ.

2022ರ ಆಗಸ್ಟಿನಲ್ಲಿ, ಘಟ್ಟದ ಕೆಳಗೆ, ಬೈಂದೂರು ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಆ ಸುದ್ದಿಯನ್ನು ಕೇಳಿದ ಮಲೆನಾಡಿನ ತಾಯಿ ಮಾರನೆಯ ದಿನ ಮಗುವನ್ನು ಮನೆಯಲ್ಲಿಯೇ ನಿಲ್ಲಿಸಿಕೊಂಡರೆ ಅವಳನ್ನು ಯಾರು ತಪ್ಪೆನ್ನಬಲ್ಲರು? ಮಳೆ ಹೆಚ್ಚಾದಾಗ ಜಿಲ್ಲಾಧಿಕಾರಿಗಳು ರಜೆ ಕೊಡುವುದುಂಟು. ಆ ದಿನಗಳನ್ನು ಶನಿವಾರದ ಮಧ್ಯಾಹ್ನಗಳಲ್ಲಿ ತುಂಬಿಕೊಡುವುದೂ ಉಂಟು. ಆದರೆ ಹಳ್ಳವು ಸರ್ಕಾರದ ಅಪ್ಪಣೆಯನ್ನು ಕಾದು ಉಕ್ಕುವುದಿಲ್ಲ. ಆದುದರಿಂದ, ದಾರಿ ಅಪಾಯವೆಂದು ಮನೆಯವರಿಗೆ ತೋರಿದ ದಿನ ಮಗುವನ್ನು ಕಳುಹಿಸದಿರುವುದೇ ವಿವೇಕವೆಂದು ನಾವು ಹೇಳುತ್ತೇವೆ.

ಮಳೆಯಲ್ಲದೆ ಬೇರೆ ಕಾರಣಗಳೂ ಇವೆ. ನಾಟಿಯ ಕಾಲದಲ್ಲಿ ತಾಯಿ ಗದ್ದೆಗೆ ಇಳಿದರೆ ಹಿರಿಯ ಮಗಳು ತೊಟ್ಟಿಲ ಬಳಿ ಕುಳಿತುಕೊಳ್ಳುತ್ತಾಳೆ. ಅಡಿಕೆಯ ಕೊಯ್ಲಿನಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಮನೆಮಂದಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವಾಗ, ಮಕ್ಕಳ ನಿದ್ರೆ ಬೆಳಗ್ಗೆ ತರಗತಿಗೆ ಬರುತ್ತದೆ. ಕಾಫಿಯ ಹಣ್ಣು ಕೀಳಲು ಹೊರಗಿನಿಂದ ಬಂದು ಲೈನುಮನೆಗಳಲ್ಲಿ ಇಳಿದವರ ಮಕ್ಕಳು ಒಂದೇ ವರ್ಷದಲ್ಲಿ ಎರಡು ಶಾಲೆಗಳ ಮುಖ ನೋಡುತ್ತಾರೆ, ಯಾವುದರಲ್ಲಿಯೂ ನೆಲೆಯೂರುವುದಿಲ್ಲ. ಇನ್ನು ಮಂಗನಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವು ಉಣುಗಿನಿಂದ ಹರಡತಕ್ಕದ್ದು. ಡಿಸೆಂಬರಿನಿಂದ ಮೇವರೆಗೆ ಅದರ ಭಯ ಹೆಚ್ಚು. ಆ ತಿಂಗಳುಗಳಲ್ಲಿ ಮಗುವಿಗೆ ಜ್ವರ ಬಂದರೆ ಶಾಲೆಯ ಯೋಚನೆಯನ್ನು ಬಿಟ್ಟು ಆಸ್ಪತ್ರೆಗೆ ಹೋಗುವುದೇ ಮೊದಲ ಕರ್ತವ್ಯ.

ಇವೆಲ್ಲ ನ್ಯಾಯವಾದ ಕಾರಣಗಳು. ಹಾಗಾದರೆ ನಮಗೆ ಚಿಂತೆ ಏತಕ್ಕೆ? ಚಿಂತೆ ಇರುವುದು ಮಳೆ ನಿಂತ ಮೇಲಿನ ದಿನದಲ್ಲಿ. ಆರನೆಯ ತರಗತಿಯ ಹುಡುಗನೊಬ್ಬ ಭಿನ್ನರಾಶಿಯ ಪಾಠ ನಡೆದ ಎರಡು ವಾರ ಬರಲಿಲ್ಲವೆನ್ನಿ. ಹಿಂದಿರುಗಿದಾಗ ತರಗತಿ ದಶಮಾಂಶವನ್ನು ದಾಟುತ್ತಿರುತ್ತದೆ. ಕಪ್ಪುಹಲಗೆಯ ಮೇಲಿನ ಬರೆಹ ಅವನಿಗೆ ತಿಳಿಯದು. ತಿಳಿಯದೆಂದು ಹೇಳಲು ಸಂಕೋಚ. ಮಾರನೆಯ ದಿನ ಹೊಟ್ಟೆನೋವು, ಅದರ ಮಾರನೆಯ ದಿನ ದನ ಕಾಯುವ ಕೆಲಸ. ಮಳೆಯಿಂದ ಮೊದಲಾದ ಗೈರುಹಾಜರಿಯು ನಾಚಿಕೆಯಿಂದ ಮುಂದುವರಿಯುತ್ತದೆ. ಹಾಜರಿ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗುರುತು. ಆದರೆ ಮೊದಲನೆಯದು ತಾನಾಗಿ ನಿಲ್ಲುತ್ತದೆ, ಎರಡನೆಯದು ತಾನಾಗಿ ನಿಲ್ಲುವುದಿಲ್ಲ. ಶಾಲೆ ಬಿಡುವ ಮಕ್ಕಳಲ್ಲಿ ಹಲವರು ಒಂದು ದಿನ ನಿಶ್ಚಯಿಸಿ ಬಿಡುವವರಲ್ಲ. ಹೀಗೆ ದಿನದಿನವೂ ಸವೆದು ಬಿಟ್ಟುಹೋಗುವವರು.

2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದರ ಫಲವಾಗಿ, ಸತತವಾಗಿ ಏಳು ದಿನ ಬಾರದ ಮಗುವಿನ ವಿಚಾರಣೆ ನಡೆಯಬೇಕೆಂಬ ಕ್ರಮ ರಾಜ್ಯದಲ್ಲಿ ಬಂದಿತು. ಏಳು ದಿನವನ್ನೂ ಕಾಯುವುದು ಬೇಡವೆಂಬುದು ನಮ್ಮ ಭಾವನೆ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿ, ಬಹಳ ಕಾಲದ ಮೇಲೆ ಮತ್ತೆ ತೆರೆದುವು. ದೂರವಾಣಿಯ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಸಂಕೇತ ಸಿಕ್ಕುವ ಗುಡ್ಡಗಳನ್ನು ಹತ್ತಿದರು. ದೀರ್ಘವಾಗಿ ದೂರವಿದ್ದ ಮಗುವಿಗೆ ಮರಳಿ ಬರುವುದೇ ಅತ್ಯಂತ ಕಠಿಣವಾದ ಪಾಠವೆಂದು ಆ ಕಾಲವು ನಮಗೆ ಚೆನ್ನಾಗಿ ತಿಳಿಸಿತು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಮಗು ಬಾರದ ದಿನ, ನೆರೆಮನೆಯ ಮಗುವಿನ ಕೈಯಲ್ಲಾಗಲಿ ದೂರವಾಣಿಯಲ್ಲಾಗಲಿ, ನಿಜವಾದ ಕಾರಣವನ್ನು ಹೇಳಿಕಳುಹಿಸಿರಿ. ನಾಟಿಯಾದರೆ ನಾಟಿಯೆಂದೇ ಹೇಳಿರಿ, ಜ್ವರವೆನ್ನಬೇಕಾದುದಿಲ್ಲ. ದಾರಿ ತೆರೆದ ಮೊದಲ ದಿನವೇ, ಪಾಠ ತಪ್ಪಿತೆಂದು ಹಿಂಜರಿಯದೆ, ಕಳುಹಿಸಿರಿ. ಹಿಂದಿರುಗಿದ ಮಗುವನ್ನು ಗದರಿಸದೆ, ತಪ್ಪಿದ ಪಾಠವನ್ನು ಬೇರೆಯಾಗಿ ಕೂರಿಸಿಕೊಂಡು ಹೇಳಿಕೊಡುವುದು ನಮ್ಮ ಹೊಣೆ.

ಪಟ್ಟಣದ ಶ್ರೋತೃಗಳಲ್ಲಿ ಈ ಕಡೆಯ ತೋಟದ ಮನೆಗಳಿಂದ ಹೋದವರು ಅನೇಕರಿದ್ದೀರಿ. ಅಡಿಕೆಗೆ ಹಳದಿ ಎಲೆಯ ರೋಗ ತಗುಲಿ ತೋಟಗಳು ಸೊರಗಿದ ಮೇಲೆ ಹಾಗೆ ಹೋದ ಕುಟುಂಬಗಳೂ ಉಂಟು. ಊರಿಗೆ ಬಂದಾಗ ನಿಮ್ಮ ಹಳೆಯ ಶಾಲೆಯ ದಾರಿಯನ್ನು ಒಮ್ಮೆ ನಡೆದು ನೋಡಿರಿ. ಸಂಕವಿದ್ದಲ್ಲಿ ಇನ್ನೂ ದಿಮ್ಮಿಯೇ ಇದ್ದರೆ, ಅಲ್ಲೊಂದು ಸೇತುವೆಯಾಗಬೇಕೆಂದು ಪಂಚಾಯಿತಿಗೆ ಬರೆಯಿರಿ. ಹಾಜರಿಯನ್ನು ಕುರಿತ ಉಪನ್ಯಾಸಗಳೆಲ್ಲಕ್ಕಿಂತ ಒಂದು ಗಟ್ಟಿಯಾದ ಸೇತುವೆ ಹೆಚ್ಚು ಮಕ್ಕಳನ್ನು ಶಾಲೆಗೆ ತರಬಲ್ಲದು.